ಶೇ 71 ಪ್ರಗತಿ, ಆದರೂ ತಿರುಗಿಸಲಾಗದ ಹೊಳೆ: ಪಾತ್ರ ಬದಲಾವಣೆ ಮತ್ತು ಸೇತುವೆ ಮರುನಿರ್ಮಾಣದ ಒಂದು ಪ್ರಕರಣ

ಈ ಪ್ರಕರಣದಲ್ಲಿ ಹೊಳೆ, ಊರು, ಇಲಾಖೆ, ಗುತ್ತಿಗೆದಾರರು ಯಾರ ಹೆಸರೂ ಇಲ್ಲ. ಗುರುತು ಸಿಗಬಾರದೆಂದು ಕೆಲವು ಸ್ಥಳ ವಿವರಗಳನ್ನು ಬದಲಿಸಿ, ಅಳತೆಗಳನ್ನು ದುಂಡಾಗಿಸಿದೆ. ಕಾಲವನ್ನು ಕಾಮಗಾರಿ ಶುರುವಾದ ತಿಂಗಳಿಂದ ಎಣಿಸಿದೆ. ಅಲ್ಲಿ ವರ್ಷಕ್ಕೆ ಎಂಟು ತಿಂಗಳು ಒಣಗಾಲ, ನಾಲ್ಕು ತಿಂಗಳು ಮಳೆಗಾಲ. ಮೊದಲ ಒಣಗಾಲದ ಮೊದಲ ತಿಂಗಳೇ ತಿಂಗಳು 1.

ಹಿನ್ನೆಲೆ

ಹಳೆಯ ಸೇತುವೆಗೆ 9 ಮೀಟರಿನ ಏಳು ಕಣ್ಣು, ಅಂದರೆ ಒಟ್ಟು 63 ಮೀಟರ್ ನೀರುದಾರಿ. ಕಲ್ಲು ಕಟ್ಟಡದ ಕಂಬಗಳು ಪಾತ್ರದ ತಳದಿಂದ 2.5 ಮೀಟರ್ ಆಳದ ತೆರೆದ ತಳಪಾಯದ ಮೇಲೆ ನಿಂತಿದ್ದವು. ಸೇತುವೆ ಕಟ್ಟಿದ ಕಾಲಕ್ಕೆ ಹೊಳೆ ನೇರವಾಗಿಯೇ ಬರುತ್ತಿತ್ತು. ಮೇಲ್ಪಾತ್ರದ ತಿರುವು ವರ್ಷ ವರ್ಷವೂ ಜರುಗುತ್ತಾ ಬಂದು ನೀರು ಕಂಬಗಳಿಗೆ ಓರೆಯಾಗಿ ಹೊಡೆಯತೊಡಗಿತು. ಓರೆ ಹರಿವಿನಲ್ಲಿ ಉದ್ದನೆಯ ಕಂಬ ನೀರಿಗೆ ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಕೊರೆತ ಕಂಬದ ಮೂತಿಯಲ್ಲಷ್ಟೇ ಉಳಿಯದೆ ಇಡೀ ಪಕ್ಕೆಯುದ್ದಕ್ಕೂ ಹರಡುತ್ತದೆ. ಐದನೇ ಕಂಬದ ಪರಿಸ್ಥಿತಿ ಇದೇ ಆಗಿತ್ತು.

ಹೊಸ ವಿನ್ಯಾಸದ ನೆರೆ ಸೆಕೆಂಡಿಗೆ 400 ಘನ ಮೀಟರ್. ಮೆಕ್ಕಲು ಮಣ್ಣಿನ ಹೊಳೆಗಳಿಗೆ ಬಳಸುವ ಲೇಸಿ ಸೂತ್ರದ ಪ್ರಕಾರ ಇದಕ್ಕೆ ಬೇಕಾದ ಅಗಲ 4.8 × √400, ಅಂದರೆ 96 ಮೀಟರ್. ಆದ್ದರಿಂದ 25 ಮೀಟರಿನ ನಾಲ್ಕು ಕಣ್ಣಿನ ಸೇತುವೆ ನಿಗದಿಯಾಯಿತು. ಅದನ್ನು ಹೊಳೆಯ ಮೇಲೆ ಕಟ್ಟದೆ, ತಿರುವಿನ ಒಳಮಗ್ಗುಲ ಒಣನೆಲದಲ್ಲಿ ಕಟ್ಟುವುದು, 900 ಮೀಟರ್ ಉದ್ದದ ತಿರುವನ್ನು ಕತ್ತರಿಸಿ 600 ಮೀಟರಿನ ಹೊಸ ಪಾತ್ರ ತೋಡುವುದು, ಕೊನೆಗೆ ಹೊಳೆಯನ್ನೇ ಸೇತುವೆಯ ಕೆಳಕ್ಕೆ ತರುವುದು ಯೋಜನೆ. ಅಲ್ಲಿಯವರೆಗೆ ಹಳೆ ಸೇತುವೆಯ ಮೇಲೆ ವಾಹನಗಳು ಓಡುತ್ತಿರಬೇಕು. ತಳಪಾಯಕ್ಕೆ ನೀರಿನ ಕಾಟವಿಲ್ಲ, ಗರ್ಡರ್ (ಕಂಬದಿಂದ ಕಂಬಕ್ಕೆ ಕೂರುವ ತೊಲೆ) ಎತ್ತಲು ಕ್ರೇನು ಪಾತ್ರದೊಳಗೇ ನಿಲ್ಲಬಹುದು, ಪರ್ಯಾಯ ರಸ್ತೆಯ ಖರ್ಚಿಲ್ಲ. ಕಾಗದದ ಮೇಲೆ ಇಷ್ಟು ಅನುಕೂಲದ ವಿಧಾನ ಇನ್ನೊಂದಿಲ್ಲ.

ಪಾತ್ರದ ತಳದ ಅಗಲ 90 ಮೀಟರ್, ಆಳ 3.5 ಮೀಟರ್, ದಂಡೆಯ ಇಳಿಜಾರು ಅಡ್ಡ 2ಕ್ಕೆ ಲಂಬ 1. ಒಟ್ಟು ಅಗೆತ 2 ಲಕ್ಷ ಘನ ಮೀಟರಿಗೆ ಸ್ವಲ್ಪ ಹೆಚ್ಚು. ಈ ಅಂಕಿ ಮುಂದೆ ಎಲ್ಲರ ಕಣ್ಣಿಗೂ ಪರದೆಯಾಯಿತು.

ತಿರುವು ಕತ್ತರಿಸಿದಾಗ ಉಳಿದ 30 ಸೆಂಟಿಮೀಟರ್

ತಿರುವಿನ ಈ ತುದಿಯಿಂದ ಆ ತುದಿಗೆ ತಳದ ಮಟ್ಟ 0.9 ಮೀಟರ್ ಇಳಿಯುತ್ತಿತ್ತು. 900 ಮೀಟರಿನಲ್ಲಿ 0.9 ಎಂದರೆ 1000ಕ್ಕೆ 1ರ ಇಳಿಜಾರು. ಅದೇ ಇಳಿತ 600 ಮೀಟರಿನಲ್ಲಿ ಆಗಬೇಕೆಂದರೆ ಸುಮಾರು 667ಕ್ಕೆ 1. ಮರಳು ತಳದ ಹೊಳೆ ಈ ಕಡಿದನ್ನು ಒಪ್ಪಿಕೊಳ್ಳುವುದಿಲ್ಲ. ತನ್ನ ಹಳೆಯ ಇಳಿಜಾರಿಗೆ ಮರಳಲು ಹೊಸ ಪಾತ್ರದ ತಲೆಯಲ್ಲಿ ತಳವನ್ನು ಕೊರೆಯುತ್ತದೆ, ಆ ಕೊರೆತ ಮೇಲ್ಪಾತ್ರದತ್ತ ಹತ್ತಿಕೊಂಡು ಹೋಗುತ್ತದೆ. 350 ಮೀಟರ್ ಮೇಲೆ ಹೊಳೆಯ ತಳದಡಿ ಒಂದು ನೀರಿನ ಕೊಳವೆ ಹಾದುಹೋಗಿತ್ತು, ಅದರ ಮೇಲಿದ್ದ ಮಣ್ಣು ಕೇವಲ 0.6 ಮೀಟರ್.

ಹಳೆಯ ಇಳಿಜಾರನ್ನೇ ಉಳಿಸಿದರೆ 600 ಮೀಟರಿಗೆ 0.6 ಮೀಟರ್ ಖರ್ಚಾಗುತ್ತದೆ. ಉಳಿದ 0.3 ಮೀಟರನ್ನು ಒಂದೇ ಕಡೆ, ಹೊಸ ಪಾತ್ರದ ಬಾಯಿಯ ಬಳಿ, ಕಲ್ಲಿನ ಅಡ್ಡಹಾಸಿನ ಮೇಲೆ ಇಳಿಸುವುದೆಂದು ತೀರ್ಮಾನವಾಯಿತು. ಪಾತ್ರದ ಅಗಲಕ್ಕೂ 90 ಮೀಟರ್, ಹರಿವಿನ ದಿಕ್ಕಿನಲ್ಲಿ 8 ಮೀಟರ್, ದಪ್ಪ 1 ಮೀಟರ್. ಮೇಲ್ಬದಿ ಮತ್ತು ಕೆಳಬದಿ ಎರಡೂ ಅಂಚಿನಲ್ಲಿ ಶೀಟ್ ಪೈಲಿನ (ನೆಲದೊಳಕ್ಕೆ ಸಾಲಾಗಿ ಇಳಿಸುವ ಹಲಗೆಗಳ) ತಡೆ. ಈ ತಡೆ ಇಲ್ಲದಿದ್ದರೆ ನೀರು ಕಲ್ಲಿನ ಅಡಿಯಿಂದಲೇ ನುಗ್ಗಿ ಮರಳನ್ನು ಹೊತ್ತೊಯ್ಯುತ್ತದೆ, ಹಾಸು ಕುಸಿಯುತ್ತದೆ. ಒಟ್ಟು ಕಲ್ಲು 720 ಘನ ಮೀಟರ್. ವಿನ್ಯಾಸ ಸರಿಯಾಗಿಯೇ ಇತ್ತು. ಆದರೆ ವೇಳಾಪಟ್ಟಿಯಲ್ಲಿ ಅದಕ್ಕೆ ಸಿಕ್ಕಿದ ಜಾಗ ಕಟ್ಟಕಡೆಯ ಸಾಲು.

ಪೈಲ್ ತೋಡುವಾಗಲೇ ಸಿಕ್ಕ ಸುಳಿವು

ಕಂಬಗಳ ತಳಪಾಯಕ್ಕೆ ಕೊರೆತದ ಲೆಕ್ಕ ಹೀಗಿತ್ತು: ತಳಪಾಯದ ಸುರಕ್ಷತೆಗಾಗಿ ನೆರೆಯನ್ನು ಶೇ 30 ಹೆಚ್ಚಿಸಿ 520 ಘನ ಮೀಟರ್, ಕಂಬಗಳ ದಪ್ಪ ಕಳೆದು ಸಿಗುವ 95.5 ಮೀಟರ್ ಅಗಲ, 0.5 ಮಿಲಿಮೀಟರ್ ಸರಾಸರಿ ಕಣದ ಮರಳು. ಸಾಮಾನ್ಯ ಕೊರೆತದ ಆಳ 3.85 ಮೀಟರ್ ಬಂತು. ಕಂಬದ ಬಳಿ ಅದರ ಎರಡು ಪಟ್ಟು, ಮಹಾಪೂರ ಮಟ್ಟದಿಂದ 7.7 ಮೀಟರ್. ಹೊಸ ಪಾತ್ರದಲ್ಲಿ ನೆರೆಯ ಆಳ 2.3 ಮೀಟರ್ ಇರುವುದರಿಂದ ತಳದಿಂದ ಕೆಳಕ್ಕೆ 5.4 ಮೀಟರ್ ಮಣ್ಣು ಹೋಗಿಯೇ ಹೋಗುತ್ತದೆ ಎಂದಿಟ್ಟುಕೊಂಡು, 1.2 ಮೀಟರ್ ವ್ಯಾಸದ 20 ಮೀಟರ್ ಉದ್ದದ ಪೈಲುಗಳನ್ನು (ರಂಧ್ರ ತೋಡಿ ಕಾಂಕ್ರೀಟು ತುಂಬಿದ ಆಳದ ತಳಪಾಯ) ಕೊಟ್ಟಿದ್ದರು. ಮೂರು ಕಂಬಕ್ಕೆ ನಾಲ್ಕರಂತೆ, ಎರಡು ಅಬಟ್‌ಮೆಂಟಿಗೆ (ಸೇತುವೆಯ ತುದಿಯ ಆಸರೆ) ಆರರಂತೆ, ಒಟ್ಟು 24.

ಒಂದು ಪೈಲಿಗೆ ಲೆಕ್ಕದ ಕಾಂಕ್ರೀಟು 22.6 ಘನ ಮೀಟರ್. ಬೆಂಟೊನೈಟ್ (ಗೋಡೆ ಕುಸಿಯದಂತೆ ಹಿಡಿಯುವ ಜೇಡಿಯ ದ್ರವ) ತುಂಬಿ ತೋಡಿದ ರಂಧ್ರದಲ್ಲಿ ಶೇ 5ರಿಂದ 10 ಹೆಚ್ಚು ಹಿಡಿಯುವುದು ವಾಡಿಕೆ. ಎರಡನೇ ಕಂಬದ ಮೂರನೇ ಪೈಲ್ 30 ಘನ ಮೀಟರ್ ನುಂಗಿತು. ಸ್ಥಳದ ಎಂಜಿನಿಯರ್ ಪ್ರತಿ ಲಾರಿ ಕಾಂಕ್ರೀಟಿಗೂ ಮಟ್ಟ ಎಷ್ಟು ಏರಿತೆಂದು ತೂಕದ ದಾರ ಇಳಿಸಿ ಅಳೆದು ಬರೆದಿಟ್ಟಿದ್ದರಿಂದ, ಹೆಚ್ಚುವರಿಯೆಲ್ಲ ನೆಲಮಟ್ಟದಿಂದ 4 ಮತ್ತು 9 ಮೀಟರ್ ನಡುವೆಯೇ ಹೋಗಿದೆ ಎಂದು ಗೊತ್ತಾಯಿತು. ಆ ಪದರದಲ್ಲಿ ರಂಧ್ರದ ಗೋಡೆ ಉದುರಿ ಹೊಟ್ಟೆ ಬಂದಿತ್ತು. ಹೊಟ್ಟೆ ಬಂದ ಪೈಲಿನಿಂದ ತೊಂದರೆ ಕಡಿಮೆ. ಹೆದರಬೇಕಾದ್ದು ಲೆಕ್ಕಕ್ಕಿಂತ ಕಡಿಮೆ ಕಾಂಕ್ರೀಟು ಹಿಡಿದ ಪೈಲಿಗೆ, ಏಕೆಂದರೆ ಅಲ್ಲಿ ಉದುರಿದ ಮಣ್ಣು ಕಾಂಕ್ರೀಟಿನ ಜಾಗ ಕಸಿದಿರುತ್ತದೆ. ಪಕ್ಕದ ಪೈಲುಗಳಿಗೆ ಕೇಸಿಂಗ್ ಕೊಳವೆಯನ್ನು 10 ಮೀಟರ್ ಆಳದವರೆಗೆ ಇಳಿಸಿ, ಕಾಂಕ್ರೀಟನ್ನು ತಳಕ್ಕೆ ಇಳಿಸುವ ಟ್ರೆಮಿ ಕೊಳವೆಯ ಬಾಯಿ ಯಾವ ಹೊತ್ತಿನಲ್ಲೂ ಕನಿಷ್ಠ 2 ಮೀಟರ್ ಕಾಂಕ್ರೀಟಿನೊಳಗೆ ಮುಳುಗಿರುವಂತೆ ನೋಡಿಕೊಂಡು ಮುಗಿಸಿದರು. ಸಮಗ್ರತೆ ಪರೀಕ್ಷೆಯಲ್ಲಿ ಎಲ್ಲವೂ ಪಾಸಾದವು.

ಪೈಲಿನ ಸಮಸ್ಯೆ ಅಲ್ಲಿಗೆ ಮುಗಿಯಿತು. ಆದರೆ 4ರಿಂದ 9 ಮೀಟರಿನ ಆ ಸಡಿಲ ಮರಳು ಏನು, ಎಲ್ಲಿಂದ ಬಂತು ಎಂದು ಆಗ ಯಾರೂ ಕೇಳಲಿಲ್ಲ. ಪೈಲಿನ ದಾಖಲೆ ಸೇತುವೆ ತಂಡದ ಕಡತಕ್ಕೆ ಹೋಯಿತು. ಅಗೆತದ ತಂಡ ಬೇರೆ, ಉಪಗುತ್ತಿಗೆ ಬೇರೆ.

ಐದನೇ ತಿಂಗಳಲ್ಲಿ ಹೊಸ ಪಾತ್ರದ 260ರಿಂದ 400 ಮೀಟರ್ ನಡುವೆ ಅಗೆತ 3 ಮೀಟರ್ ತಲುಪಿದಾಗ ಬಲದಂಡೆ ಜಾರಿತು. ತಳದಲ್ಲಿ ಅಲ್ಲಲ್ಲಿ ನೀರು ಕುದಿಯುವಂತೆ ಮರಳು ಉಕ್ಕತೊಡಗಿತು. ತೋಡಿದ ಮೇಲೆ ತಳದಲ್ಲಿ ಉಳಿದಿದ್ದು ತೆಳು ಜೇಡಿಯ ಪದರ, ಅದರಡಿ ಒತ್ತಡದ ನೀರಿರುವ ಮರಳು. ಮೊದಲು ಮಾಡಿದ ಉಪಾಯ ಉಕ್ಕಿದ ಜಾಗಕ್ಕೆ ಜೇಡಿಮಣ್ಣು ಸುರಿದು ಮುಚ್ಚುವುದು. ಇಂಥ ಉಕ್ಕಿಗೆ ಮುಚ್ಚಳ ಹಾಕಿದರೆ ಅದು ಪಕ್ಕದಲ್ಲಿ ಬಾಯಿ ತೆರೆಯುತ್ತದೆ, ಇಲ್ಲೂ ಹಾಗೇ ಆಯಿತು. ನೀರು ಹೊರಬರಬೇಕು, ಮರಳು ಬರಬಾರದು. ಅದಕ್ಕೆ ಕೆಳಗೆ ದಪ್ಪ ಮರಳು, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದೊಡ್ಡ ಜಲ್ಲಿ ಎಂದು ಪದರ ಪದರವಾಗಿ ಭಾರ ಹೇರಬೇಕು. ಹಾಗೆ ಮಾಡಿದ ಮೇಲೆ ಉಕ್ಕುವ ನೀರು ತಿಳಿಯಾಯಿತು.

ಆಗ ಒಬ್ಬರು ಪೈಲ್ ದಾಖಲೆಗಳನ್ನೂ ಕೊರೆದ ಬಾವಿಗಳ ದಾಖಲೆಗಳನ್ನೂ ಪಾತ್ರದ ನಕ್ಷೆಯ ಮೇಲೆ ಒಟ್ಟಿಗೆ ಗುರುತಿಸಿ ನೋಡಿದರು. ಸಡಿಲ ಮರಳಿನ ಚುಕ್ಕೆಗಳು ಎರಡನೇ ಕಂಬದಿಂದ ಬಲದಂಡೆಯತ್ತ ಓರೆಯಾಗಿ ಒಂದು ಪಟ್ಟಿಯಂತೆ ಸಾಲಿಟ್ಟಿದ್ದವು. ಹಿಂದೆಂದೋ ಹೊಳೆ ಹರಿದು, ಬಿಟ್ಟುಹೋಗಿ, ಮೆಕ್ಕಲಿನಡಿ ಹೂತುಹೋದ ಹಳೆಯ ಪಾತ್ರ ಅದು. ಈಗಿನ ಹೊಳೆಯ ನೀರು ಅದರ ಮೂಲಕ ನೇರವಾಗಿ ಅಗೆತದೊಳಗೆ ಇಳಿಯುತ್ತಿತ್ತು. ಪೈಲ್ ಕಾಂಕ್ರೀಟಿನ ಲೆಕ್ಕಪುಸ್ತಕ ಇದನ್ನು ಮೂರು ತಿಂಗಳ ಹಿಂದೆಯೇ ಹೇಳಿತ್ತು.

ಎರಡು ನಿರ್ಧಾರಗಳಾದವು. ಒಂದು, ಆ 140 ಮೀಟರಿನಲ್ಲಿ ದಂಡೆಯ ಇಳಿಜಾರನ್ನು 3ಕ್ಕೆ 1 ಮಾಡುವುದು. ಎಲ್ಲರೂ ಅಗೆತ ವಿಪರೀತ ಏರುತ್ತದೆಂದು ಅಂಜಿದ್ದರು, ಲೆಕ್ಕ ಹಾಕಿದರೆ ಹೆಚ್ಚಾದದ್ದು ಬರೀ 1,700 ಘನ ಮೀಟರ್, ಒಟ್ಟು ಅಗೆತದ ಶೇ 1ಕ್ಕೂ ಕಡಿಮೆ. ಇನ್ನೊಂದು, ಬಲದಂಡೆಯ ತಲೆಯಲ್ಲಿ ಒಂದೂವರೆ ಮೀಟರಿಗೊಂದರಂತೆ ವೆಲ್‌ಪಾಯಿಂಟ್ (ನೆಲದೊಳಗಿನ ನೀರನ್ನು ಪಂಪಿಗೆ ಹೀರಿಕೊಡುವ ಸಣ್ಣ ಕೊಳವೆ) ಸಾಲು. ವೆಲ್‌ಪಾಯಿಂಟ್ ಒಂದು ಹಂತದಲ್ಲಿ 5 ಮೀಟರಿನಷ್ಟು ನೀರನ್ನು ಇಳಿಸಬಲ್ಲದು, ಇಲ್ಲಿ 3.5 ಸಾಕಿತ್ತು. ಪಂಪಿನಿಂದ ಬರುವ ನೀರನ್ನು ಗಾಜಿನ ಜಾಡಿಯಲ್ಲಿ ಹಿಡಿದು, ಅರ್ಧ ಗಂಟೆ ಬಿಟ್ಟು, ತಳದಲ್ಲಿ ಮಣ್ಣು ಕೂತಿದೆಯೇ ಎಂದು ದಿನಕ್ಕೆರಡು ಸಲ ನೋಡುವ ಪಾಳಿ ಇಟ್ಟರು. ಮಣ್ಣು ಬರುತ್ತಿದ್ದರೆ ದಂಡೆ ಒಳಗಿಂದಲೇ ಟೊಳ್ಳಾಗುತ್ತಿದೆ ಎಂದರ್ಥ, ಆ ಪಾಯಿಂಟ್ ಕಿತ್ತು ಸುತ್ತ ಮರಳಿನ ಸೋಸುಪದರ ಹಾಕಿ ಮತ್ತೆ ನೆಡಬೇಕು. ಈ ಗೋಜಲಿನಲ್ಲಿ ಮೊದಲ ಒಣಗಾಲದ ಒಂಬತ್ತು ವಾರ ಹೋಯಿತು.

ಶೇ 71

ಹದಿನೇಳನೇ ತಿಂಗಳ ಕೊನೆಯ ವರದಿಯಲ್ಲಿ ಆರ್ಥಿಕ ಪ್ರಗತಿ ಶೇ 71, ಭೌತಿಕ ಪ್ರಗತಿಯೂ ಅದರ ಆಸುಪಾಸು. ಹದಿನಾರು ಗರ್ಡರುಗಳೂ ಏರಿದ್ದವು, ಮೂರು ಕಣ್ಣಿನ ಡೆಕ್ ಸ್ಲ್ಯಾಬ್ (ವಾಹನ ಓಡುವ ಚಪ್ಪಡಿ) ಮುಗಿದಿತ್ತು, ಅಗೆತ ಶೇ 90 ದಾಟಿತ್ತು. ಮಳೆಗೆ ಹನ್ನೆರಡು ವಾರ ಬಾಕಿ. ವೇಳಾಪಟ್ಟಿಯ ಪ್ರಕಾರ ಎಂಟು ವಾರದಲ್ಲಿ ಹೊಳೆ ತಿರುಗಬೇಕು.

ಬಾಕಿ ಇದ್ದದ್ದು ಏನು? ಅಡ್ಡಹಾಸು ಶುರುವೇ ಆಗಿರಲಿಲ್ಲ. ಮಣ್ಣು ಸಾಗಿಸುವ ಲಾರಿಗಳ ದಾರಿ ಅದರ ಜಾಗದ ಮೇಲೆಯೇ ಹಾದಿತ್ತು, ಶೀಟ್ ಪೈಲು ಬಂದಿರಲಿಲ್ಲ. ಕಂಬಗಳ ಸುತ್ತ ಕೊರೆತ ತಡೆಯುವ ಕಲ್ಲಿನ ಹಾಸು, ಅಂದರೆ ಏಪ್ರನ್, ಒಂದು ಕಂಬಕ್ಕೆ ಮಾತ್ರ ಆಗಿತ್ತು. ಮೂರೂ ಕಂಬಕ್ಕೆ ಬೇಕಾದ ಕಲ್ಲು ಸುಮಾರು 270 ಘನ ಮೀಟರ್. ಅಡ್ಡಹಾಸಿನ 720 ಸೇರಿಸಿದರೂ ಸಾವಿರದೊಳಗೆ. 2 ಲಕ್ಷ ಘನ ಮೀಟರ್ ಮಣ್ಣಿನ ಎದುರು ಈ ಸಾವಿರ ಪ್ರಗತಿ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಮೊತ್ತದ ಲೆಕ್ಕದಲ್ಲೂ ಅದು ಸಣ್ಣ ಬಾಬ್ತು. ಆದರೆ ಹೊಳೆಯನ್ನು ಒಳಬಿಡಬಹುದೇ ಇಲ್ಲವೇ ಎಂಬುದನ್ನು ತೀರ್ಮಾನಿಸುವುದು ಅದೊಂದೇ.

ಸಭೆಯ ಮುಂದೆ ಮೂರು ದಾರಿ ಬಂದವು. ಮೊದಲನೆಯದು, ಈಗಲೇ ಹೊಳೆ ತಿರುಗಿಸಿ ಅಡ್ಡಹಾಸನ್ನು ಮುಂದಿನ ಒಣಗಾಲದಲ್ಲಿ ಹಾಕುವುದು. ಉದ್ಘಾಟನೆಯ ಆತುರ ಇದ್ದವರಿಗೆ ಇದೇ ಹಿಡಿಸಿತ್ತು. ತಿರುಗಿಸಿದ ಮೇಲೆ ಅಡ್ಡಹಾಸು ಹಾಕಬೇಕೆಂದರೆ ಹರಿಯುವ ನೀರಿನಲ್ಲಿ ಅರ್ಧರ್ಧ ಪಾತ್ರಕ್ಕೆ ತಾತ್ಕಾಲಿಕ ಒಡ್ಡು ಕಟ್ಟಿ ಎರಡು ಹಂತದಲ್ಲಿ ಮಾಡಬೇಕು. ಅಷ್ಟರಲ್ಲಿ ಒಂದು ನೆರೆ ಬಂದರೂ ತಳ 30 ಸೆಂಟಿಮೀಟರ್ ಇಳಿದು ಕೊರೆತ ಕೊಳವೆಯತ್ತ ಹೊರಟಿರುತ್ತದೆ. ಎರಡನೆಯದು, ಎರಡೂ ಪಾತ್ರಗಳಿಗೆ ನೀರು ಹಂಚುವುದು. ನೀರು ಹಂಚಿಕೊಂಡ ಪಾತ್ರಗಳಲ್ಲಿ ನೆರೆ ಇಳಿಯುವಾಗ ಯಾವುದೋ ಒಂದು ಹೂಳುತ್ತದೆ, ಯಾವುದು ಎಂದು ಮೊದಲೇ ಹೇಳಲಾಗದು. ಮೂರನೆಯದು, ಇಡೀ ಮಳೆಗಾಲ ಕಾಯುವುದು.

ಮೂರನೆಯದನ್ನು ಆರಿಸಿದರು. ಈ ಪ್ರಕರಣದ ಅತಿ ಕಷ್ಟದ ಮತ್ತು ಅತಿ ಸರಿಯಾದ ನಿರ್ಧಾರ ಅದು. ಆದರೆ ಕಾಯುವುದೂ ಒಂದು ಕಾಮಗಾರಿಯೇ ಎಂದು ಅದಕ್ಕೆ ಪ್ರತ್ಯೇಕ ನಕ್ಷೆ, ಪ್ರತ್ಯೇಕ ಹಣ ಕೊಟ್ಟದ್ದರಿಂದಲೇ ಮುಂದಿನದು ಉಳಿಯಿತು.

ಮಳೆಗಾಲಕ್ಕೆ ಸಿದ್ಧತೆ

ಹೊಸ ಪಾತ್ರದ ಎರಡೂ ತುದಿಯಲ್ಲಿ ಅಗೆಯದೆ ಬಿಟ್ಟ ಮಣ್ಣಿನ ತಡೆಗಳಿದ್ದವು. ಸಹಜ ಬುದ್ಧಿಗೆ ಎರಡನ್ನೂ ಭದ್ರಪಡಿಸಿ ಪಾತ್ರವನ್ನು ಒಣಗಿರಿಸುವುದು ಸರಿ ಎನಿಸುತ್ತದೆ. ಇಲ್ಲಿ ಮಾಡಿದ್ದು ತದ್ವಿರುದ್ಧ. ಕೆಳತುದಿಯ ತಡೆಯನ್ನು ತೆಗೆದುಹಾಕಿದರು. ಪಾತ್ರ ಒಣಗಿದ್ದಾಗ ನೆರೆ ಬಂದರೆ ಮೇಲ್ತುದಿಯ ತಡೆಯ ಒಂದು ಬದಿಗೆ 2.8 ಮೀಟರ್ ನೀರು, ಇನ್ನೊಂದು ಬದಿಗೆ ಬರಿದು. ತಡೆ ಒಡೆದರೆ ನೀರು ಒಣ ತಳದ ಮೇಲೆ ಬಿದ್ದು, ಸಿಕ್ಕ ಕಂಬದ ಬುಡವನ್ನೆಲ್ಲ ಕಿತ್ತುಕೊಂಡು ಹೋಗುತ್ತದೆ. ಕೆಳತುದಿ ತೆರೆದಿದ್ದರೆ ಹಿನ್ನೀರು ನಿಧಾನವಾಗಿ ಒಳಬಂದು ಪಾತ್ರ ತುಂಬಿರುತ್ತದೆ, ತಡೆಯ ಎರಡು ಬದಿಯ ವ್ಯತ್ಯಾಸ ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ನೀರಿನ ಮೇಲೆ ಬೀಳುವ ನೀರು ನೆಲ ಕೊರೆಯುವುದು ಕಡಿಮೆ.

ಮೇಲ್ತುದಿಯ ತಡೆಯ ನಡುಮಧ್ಯೆ 20 ಮೀಟರ್ ಉದ್ದ ಬೇಕೆಂದೇ ತಗ್ಗಿಸಿ, ಜಿಯೊಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಹಾಸಿ, 300 ಮಿಲಿಮೀಟರ್ ಕಲ್ಲು ಹೊದಿಸಿದರು. ಅದರ ನೆತ್ತಿ ತಳದಿಂದ 2.6 ಮೀಟರ್. ಅತಿ ದೊಡ್ಡ ನೆರೆ ಬಂದರೆ ನೀರು ಎಲ್ಲಿ ಉಕ್ಕಬೇಕು ಎಂಬುದನ್ನು ಹೊಳೆಗೆ ಬಿಡದೆ ತಾವೇ ಆರಿಸಿದ ಹಾಗೆ. ದಂಡೆಯ ಅಂಚಿನಲ್ಲಿ ಉಕ್ಕಿದರೆ ಅಬಟ್‌ಮೆಂಟಿನ ಹಿಂದಿನ ಮಣ್ಣಿಗೆ ಅಪಾಯವಿತ್ತು.

ಹಳೆ ಸೇತುವೆ ಇನ್ನೊಂದು ಮಳೆಗಾಲ ಬದುಕಬೇಕಿತ್ತು. ಭಾರಿ ವಾಹನಗಳನ್ನು ನಿಲ್ಲಿಸಿ, ಐದನೇ ಕಂಬದ ಸುತ್ತ ಕಲ್ಲು ತುಂಬಿದರು. ನೆರೆಯ ಹೊತ್ತಿನಲ್ಲಿ ಸೇತುವೆಯ ಮೇಲಿಂದ ತೂಕ ಕಟ್ಟಿದ ಹಗ್ಗ ಇಳಿಸಿ ಗಂಟೆಗೊಮ್ಮೆ ಆಳ ಅಳೆಯುವುದು, ತಳ 1.3 ಮೀಟರ್ ಕೊರೆದರೆ (ಅಂದರೆ ತಳಪಾಯದ ಮೇಲೆ 1.2 ಮೀಟರ್ ಮಣ್ಣು ಉಳಿದಾಗ) ಯಾರ ಅನುಮತಿಗೂ ಕಾಯದೆ ಸಂಚಾರ ಬಂದ್ ಮಾಡುವುದು ಎಂದು ಲಿಖಿತ ಆದೇಶವಾಯಿತು. ಈ ಅಳತೆಯನ್ನು ನೆರೆ ಇಳಿದ ಮೇಲೆ ಮಾಡಿ ಪ್ರಯೋಜನವಿಲ್ಲ. ಇಳಿಯುವ ನೀರು ಕೊರೆದ ಗುಂಡಿಗೆ ಸಡಿಲ ಮರಳು ತುಂಬಿಬಿಡುತ್ತದೆ, ಅಳೆದವರಿಗೆ ಎಲ್ಲ ಸರಿಯಾಗಿರುವಂತೆ ಕಾಣುತ್ತದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 1987ರ ಏಪ್ರಿಲ್ 5ರಂದು ಸ್ಕೊಹಾರಿ ಕ್ರೀಕ್ ಸೇತುವೆ ನೆರೆಯಲ್ಲಿ ಕುಸಿದು 10 ಜನ ಸತ್ತದ್ದು ಇಂಥದೇ ಕೊರೆತದಿಂದ. ಆಳವಿಲ್ಲದ ತಳಪಾಯದ ಸುತ್ತ ಇದ್ದ ಕಲ್ಲಿನ ರಕ್ಷಣೆ ಸಾಲದಾಗಿತ್ತು.

ಇಪ್ಪತ್ತೆರಡನೇ ತಿಂಗಳಲ್ಲಿ ನೆರೆ ಬಂತು. ಮಟ್ಟ 2.8 ಮೀಟರ್ ಮುಟ್ಟಿ, ತಗ್ಗಿಸಿದ ಭಾಗದ ಮೇಲೆ 20 ಸೆಂಟಿಮೀಟರ್ ನೀರು ಸುಮಾರು ಆರು ಗಂಟೆ ಉಕ್ಕಿತು. ಅಂದಾಜು ಸೆಕೆಂಡಿಗೆ 3 ಘನ ಮೀಟರ್, ಕಲ್ಲು ಕದಲಲಿಲ್ಲ. ಐದನೇ ಕಂಬದ ಬಳಿ ಕೊರೆತ 1.4 ಮೀಟರ್ ತೋರಿಸಿ ಸಂಚಾರ ಎರಡು ದಿನ ನಿಂತಿತು. ಕೆಳತುದಿ ತೆರೆದಿದ್ದರ ಬೆಲೆಯೂ ತೆರಬೇಕಾಯಿತು: ಹಿನ್ನೀರು ತಂದ ಹೂಳು ಕೆಳಗಿನ 200 ಮೀಟರಿನಲ್ಲಿ ಸರಾಸರಿ ಅರ್ಧ ಮೀಟರ್ ಕೂತಿತು, 9,000 ಘನ ಮೀಟರ್ ಮತ್ತೆ ಅಗೆಯಬೇಕಾಯಿತು. ಒಡೆದ ತಡೆಯ ಬೆಲೆಗೆ ಹೋಲಿಸಿದರೆ ಇದು ಅಗ್ಗ. ಆದರೂ ಲೆಕ್ಕದಲ್ಲಿ ಬರೆಯದೆ ಬಿಡಬಾರದು, ಈ ಉಪಾಯವನ್ನು ನಕಲು ಮಾಡುವವರು ಹೂಳಿನ ಬಾಬ್ತನ್ನು ಅಂದಾಜಿನಲ್ಲೇ ಇಟ್ಟುಕೊಳ್ಳಬೇಕು.

ಕಲ್ಲು, ಮಟ್ಟ, ಮತ್ತು ಮರೆತುಹೋದ ದಿಬ್ಬ

ಮೂರನೇ ಒಣಗಾಲದಲ್ಲಿ ಕ್ರಮ ತಲೆಕೆಳಗಾಯಿತು. ಕೆಳತುದಿಗೆ ತಾತ್ಕಾಲಿಕ ಒಡ್ಡು ಹಾಕಿ ಪಾತ್ರದ ನೀರನ್ನು ಪಂಪಿನಿಂದ ಖಾಲಿ ಮಾಡಿ, ಮೊದಲು ಅಡ್ಡಹಾಸು, ನಂತರ ಕಂಬದ ಏಪ್ರನ್, ಆಮೇಲೆ ಮಿಕ್ಕಿದ್ದು. ಲಾರಿದಾರಿಯನ್ನು ಬೇರೆಡೆ ತಿರುಗಿಸಿದರು.

ಏಪ್ರನ್ ಕಲ್ಲಿನ ಗಾತ್ರವನ್ನು ಸರಾಸರಿ ವೇಗಕ್ಕೆ ಅಲ್ಲ, ಪಾತ್ರದ ನಡುವಿನ ಗರಿಷ್ಠ ವೇಗ ಸೆಕೆಂಡಿಗೆ 2.5 ಮೀಟರಿಗೆ ಲೆಕ್ಕ ಹಾಕಿದ್ದರು. ದುಂಡುಮೂತಿಯ ಕಂಬಕ್ಕೆ ಅದನ್ನು ಒಂದೂವರೆ ಪಟ್ಟು ಮಾಡಿ ಲೆಕ್ಕಿಸಿದರೆ ಮಧ್ಯಮ ಗಾತ್ರ 300 ಮಿಲಿಮೀಟರ್, ಒಂದು ಕಲ್ಲಿನ ತೂಕ 35ರಿಂದ 40 ಕಿಲೊ. ದಪ್ಪ ಗಾತ್ರದ ಮೂರು ಪಟ್ಟು, ಅಂದರೆ 0.9 ಮೀಟರ್. ಹರವು ಕಂಬದ ಪ್ರತಿ ಮುಖದಿಂದ ಕಂಬದ ದಪ್ಪದ ಎರಡು ಪಟ್ಟು, 3 ಮೀಟರ್. ಜಿಯೊಟೆಕ್ಸ್‌ಟೈಲನ್ನು ಮಾತ್ರ ಆ 3 ಮೀಟರಿನ ಮೂರನೇ ಎರಡು ಭಾಗಕ್ಕೆ ನಿಲ್ಲಿಸಬೇಕು. ಅಂಚಿನವರೆಗೂ ಹಾಸಿದರೆ, ಅಂಚು ಕೊರೆದಾಗ ಕಲ್ಲುಗಳು ಗುಂಡಿಗೆ ಜಾರಿ ಕೂರುವ ಬದಲು ಬಟ್ಟೆ ಗಾಳಿಪಟದಂತೆ ಎದ್ದು ಕಲ್ಲನ್ನೆಲ್ಲ ಬುಡಮೇಲು ಮಾಡುತ್ತದೆ. ಮೊದಲು ಮುಗಿದಿದ್ದ ಕಂಬದ ಏಪ್ರನ್ ಬಿಚ್ಚಿ ನೋಡಿದಾಗ ಎರಡು ದೋಷ ಸಿಕ್ಕವು: ಲಾರಿಯಿಂದ ನೇರ ಸುರಿದಿದ್ದರಿಂದ ಬಟ್ಟೆ ಹರಿದಿತ್ತು, ಕಲ್ಲು ಪಾತ್ರದ ತಳಕ್ಕಿಂತ ಅರ್ಧ ಮೀಟರ್ ಎತ್ತರಕ್ಕೆ ಗುಡ್ಡೆಯಾಗಿತ್ತು. ಗುಡ್ಡೆ ನೋಡಲು ಭದ್ರ, ಆದರೆ ಅದು ನೀರಿನ ದಾರಿ ಕಿರಿದು ಮಾಡಿ ಪಕ್ಕದಲ್ಲಿ ಹೊಸ ಕೊರೆತ ಹುಟ್ಟಿಸುತ್ತದೆ. ತಳ ತೋಡಿ, ಕಲ್ಲಿನ ನೆತ್ತಿ ಪಾತ್ರದ ಮಟ್ಟಕ್ಕೆ ಸಮವಾಗುವಂತೆ, ಎಕ್ಸ್‌ಕವೇಟರಿನ ಬಕೆಟಿನಿಂದ ಒಂದಡಿ ಎತ್ತರದಿಂದ ಇಳಿಸಿ ಮತ್ತೆ ಹಾಕಿದರು.

ನೀರು ಬಿಡುವ ಮುಂಚೆ ಇಡೀ ಪಾತ್ರದ ತಳವನ್ನು 10 ಮೀಟರ್ ಚೌಕದಲ್ಲಿ ಮಟ್ಟ ತೆಗೆಯಬೇಕೆಂದು ಒಬ್ಬರು ಪಟ್ಟು ಹಿಡಿದರು. ಅದು ಅತಿಯಾಯಿತೆಂದು ಗೊಣಗಿದವರೂ ಇದ್ದರು. ಮೂರನೇ ಕಣ್ಣಿನ ಕೆಳಗೆ ತಳ 0.6 ಮೀಟರ್ ಎತ್ತರ ಬಂತು. ಗರ್ಡರ್ ಎತ್ತುವಾಗ ಕ್ರೇನಿಗೆಂದು ಜಲ್ಲಿ ದಟ್ಟಿಸಿ ಹಾಕಿದ್ದ ವೇದಿಕೆ ಅದು. ಮೇಲೆ ಹೂಳು ಕೂತು ಮಾಮೂಲಿ ನೆಲದಂತೆ ಕಾಣುತ್ತಿತ್ತು. ಅದು ಹಾಗೇ ಉಳಿದಿದ್ದರೆ ಹರಿವು ಪಕ್ಕದ ಎರಡು ಕಣ್ಣಿಗೆ ಒತ್ತರಿಸಿಕೊಂಡು, ಕಂಬಗಳಿಗೆ ಮತ್ತೆ ಓರೆ ನೀರು ಹೊಡೆಯುತ್ತಿತ್ತು, ಯಾವ ಕಾರಣಕ್ಕೆ ಹಳೆ ಸೇತುವೆ ಬಿಟ್ಟರೋ ಅದೇ ಕಾಯಿಲೆ.

ತಿರುಗಿಸಿದ ವಾರ

ಇಪ್ಪತ್ತೊಂಬತ್ತನೇ ತಿಂಗಳು, ಹರಿವು ಸೆಕೆಂಡಿಗೆ 12 ಘನ ಮೀಟರ್. ಮೊದಲು ಕೆಳತುದಿಯ ಒಡ್ಡು ತೆಗೆದು ಪಾತ್ರ ತಾನಾಗಿ ತುಂಬಲು ಎರಡು ದಿನ ಬಿಟ್ಟರು. ನಂತರ ಮೇಲ್ತುದಿಯ ತಡೆಯ ನಡುವೆ 10 ಮೀಟರ್ ಅಗಲದ ಕಂಡಿ ತೋಡಿ, ಎರಡು ಎಕ್ಸ್‌ಕವೇಟರುಗಳು ಆಚೀಚೆ ದಂಡೆಯತ್ತ ಹಿಂದೆ ಸರಿಯುತ್ತಾ ಅಗಲಿಸಿದವು. ಯಂತ್ರ ಹಿಂದೆ ಸರಿಯುವ ದಾರಿ ಮೊದಲೇ ಗಟ್ಟಿಯಾಗಿರಬೇಕು, ಕಂಡಿ ಹರಿಯತೊಡಗಿದ ಮೇಲೆ ದಾರಿ ಹುಡುಕಲು ಸಮಯವಿರುವುದಿಲ್ಲ. ಸಂಜೆಯೊಳಗೆ ಮುಕ್ಕಾಲು ನೀರು ಹೊಸ ಪಾತ್ರದಲ್ಲಿತ್ತು.

ಹಳೆ ಪಾತ್ರವನ್ನು ಎರಡೂ ಬದಿಯಿಂದ ಕಲ್ಲು ಸುರಿಯುತ್ತಾ ಮುಚ್ಚಿದರು. ಬಾಯಿ ಕಿರಿದಾದಷ್ಟೂ ವೇಗ ಏರುತ್ತದೆ. ಕೊನೆಯ 6 ಮೀಟರಿನಲ್ಲಿ ನೀರಿನ ಮಟ್ಟದ ವ್ಯತ್ಯಾಸ 0.6 ಮೀಟರ್, ಅಂದರೆ ಸೆಕೆಂಡಿಗೆ ಸುಮಾರು 3.4 ಮೀಟರ್ ವೇಗ. ಅದಕ್ಕೆ ನಿಲ್ಲುವ ಕಲ್ಲು ಅರ್ಧ ಮೀಟರ್ ಗಾತ್ರದ್ದು. 300 ಮಿಲಿಮೀಟರ್ ಕಲ್ಲು ಹಾಕಿದ ಹಾಗೆಲ್ಲ ಕೊಚ್ಚಿಹೋಯಿತು. ದೊಡ್ಡ ಕಲ್ಲಿನ ರಾಶಿ ಹತ್ತಿರದಲ್ಲೇ ಇದ್ದದ್ದರಿಂದ ಆ ರಾತ್ರಿಯೇ ಬಾಯಿ ಮುಚ್ಚಿತು. ಕಲ್ಲಿನ ಮೇಲ್ಬದಿಗೆ ಜೇಡಿಮಣ್ಣಿನ ಹೊದಿಕೆ, ಮಹಾಪೂರ ಮಟ್ಟಕ್ಕಿಂತ ಒಂದು ಮೀಟರ್ ಎತ್ತರದ ಒಡ್ಡು ನಂತರದ ನಾಲ್ಕು ವಾರದ ಕೆಲಸ. ಈ ಒಡ್ಡನ್ನು ಸೇತುವೆಯಷ್ಟೇ ಮುಖ್ಯವೆಂದು ನೋಡಬೇಕು. 1998ರಲ್ಲಿ ಮಿಚ್ ಚಂಡಮಾರುತದ ನಂತರ ಹೊಂಡುರಾಸಿನ ಚೊಲುಟೆಕಾ ಸೇತುವೆ ಗಟ್ಟಿಯಾಗಿ ನಿಂತಿತ್ತು, ಹೊಳೆ ಮಾತ್ರ ಪಕ್ಕಕ್ಕೆ ಹೊರಟುಹೋಗಿತ್ತು.

ಒಡ್ಡು ಮೇಲ್ತುದಿಗೆ ಮಾತ್ರ. ಹಳೆ ತಿರುವಿಗೆ ಸುತ್ತಲ ಹೊಲಗಳ ಮಳೆನೀರಿನ ಒಂದು ಹಳ್ಳ ಬಂದು ಸೇರುತ್ತಿತ್ತು, ಮೂಲ ನಕ್ಷೆಯಲ್ಲಿ ಅದು ಇರಲಿಲ್ಲ. ಎರಡೂ ತುದಿ ಮುಚ್ಚಿದ್ದರೆ ಮೊದಲ ಮಳೆಗೆ ಆ ಹೊಲಗಳು ಮುಳುಗುತ್ತಿದ್ದವು. ಕೆಳತುದಿ ತೆರೆದೇ ಉಳಿಯಿತು. ಹಳೆ ಸೇತುವೆಯ ಕಂಬಗಳನ್ನು ನಿಂತ ನೀರಿನಲ್ಲಿ ತಳದಿಂದ 1 ಮೀಟರ್ ಕೆಳಗಿನವರೆಗೆ ಕಡಿದು ತೆಗೆದರು.

ಮೊದಲ ನೆರೆಯ ನಂತರ

ಮೂವತ್ತನಾಲ್ಕನೇ ತಿಂಗಳ ನೆರೆಯ ಬಳಿಕ ಮೇಲ್ಪಾತ್ರದಲ್ಲಿ 100 ಮೀಟರಿಗೊಂದರಂತೆ 1 ಕಿಲೋಮೀಟರ್ ಅಡ್ಡಕೊಯ್ತ (ಪಾತ್ರಕ್ಕೆ ಅಡ್ಡಲಾಗಿ ತಳಮಟ್ಟದ ಅಳತೆ) ತೆಗೆದರು. ಮೊದಲ 200 ಮೀಟರಿನಲ್ಲಿ ತಳ 15 ಸೆಂಟಿಮೀಟರ್ ಇಳಿದಿತ್ತು, ಅದರಾಚೆ ಬದಲಾವಣೆ ಇಲ್ಲ. ಕೊಳವೆಯ ಮೇಲಿನ ಮಣ್ಣು ಹಾಗೇ ಇತ್ತು. ಅಡ್ಡಹಾಸಿನ ಕೆಳಬದಿಯಲ್ಲಿ 0.8 ಮೀಟರ್ ಗುಂಡಿ ಬಿದ್ದು, ಅಂಚಿನ ಕಲ್ಲುಗಳು ಅದರೊಳಗೆ ಜಾರಿ ಇಳಿಜಾರಾಗಿ ಕೂತಿದ್ದವು. ವಿನ್ಯಾಸದಲ್ಲಿ ಬಯಸಿದ್ದೂ ಅದೇ.

ಕಾಮಗಾರಿಯ ಕೊನೆಯ ವರ್ಷದಲ್ಲಿ ಪ್ರಗತಿ ವರದಿಯ ಮೊದಲ ಪುಟ ಬದಲಾಗಿತ್ತು. ಶೇಕಡಾವಾರು ಲೆಕ್ಕ ಎರಡನೇ ಪುಟಕ್ಕೆ ಹೋಯಿತು. ಮೊದಲ ಪುಟದಲ್ಲಿ ಒಂದೇ ಪ್ರಶ್ನೆ: ಮುಂದಿನ ವಾರ ನೆರೆ ಬಂದರೆ ಕಾಮಗಾರಿ ಯಾವ ಸ್ಥಿತಿಯಲ್ಲಿ ಸಿಗುತ್ತದೆ? ಅದರಡಿ ಅಡ್ಡಹಾಸು, ಏಪ್ರನ್, ತಳಮಟ್ಟ, ಸಡಿಲ ಮರಳಿನ ದಂಡೆಯ ಹೊದಿಕೆ, ಮೇಲ್ತುದಿಯ ತಡೆ, ರಾಶಿಯಲ್ಲಿರುವ ದೊಡ್ಡ ಕಲ್ಲು ಇವುಗಳ ಎದುರು ಆಗಿದೆ ಅಥವಾ ಆಗಿಲ್ಲ ಎಂದಷ್ಟೇ ಬರೆಯಬೇಕು. "ಶೇ 80 ಆಗಿದೆ" ಎಂದು ಬರೆಯಲು ಜಾಗವೇ ಇರಲಿಲ್ಲ, ಏಕೆಂದರೆ ಮುಕ್ಕಾಲು ಪಾಲು ಹಾಕಿದ ಅಡ್ಡಹಾಸಿನ ಉಳಿದ ಕಾಲು ಪಾಲಿನಲ್ಲೇ ಹೊಳೆ ಇಳಿಯುತ್ತದೆ. ಜೊತೆಗೆ ಸೇತುವೆ ತಂಡದ ಪೈಲ್ ದಾಖಲೆ ಅದೇ ವಾರ ಅಗೆತದ ತಂಡದ ನಕ್ಷೆಗೆ ಏರಬೇಕೆಂಬ ನಿಯಮವೂ ಬಂತು. ಅದು ಐದನೇ ತಿಂಗಳಿಂದ ಕಳೆದುಹೋದ ಒಂಬತ್ತು ವಾರಗಳ ಗಳಿಕೆ.

ಬಾಕಿ ಉಳಿದ ಕೆಲಸ ಒಂದಿದೆ. ಅಡ್ಡಹಾಸಿನ ಗುಂಡಿ ಇನ್ನೂ ಆಳವಾಗುತ್ತದೆಯೇ ಎಂದು ನೋಡಲು ಇನ್ನೆರಡು ಮಳೆಗಾಲ ಅದೇ ಸ್ಥಳಗಳಲ್ಲಿ ಅಡ್ಡಕೊಯ್ತ ತೆಗೆಯಬೇಕು, ಅಲ್ಲಿಯವರೆಗೆ 150 ಘನ ಮೀಟರ್ ಕಲ್ಲು ದಂಡೆಯ ಮೇಲೆ ರಾಶಿಯಾಗಿಯೇ ಇರಬೇಕು. ಬಿಲ್ ಆಗಿ ಉಳಿದ ಕಲ್ಲು ಎಂದು ಅದನ್ನು ಬೇರೆ ಕಾಮಗಾರಿಗೆ ಸಾಗಿಸುವ ಪ್ರಸ್ತಾವ ಈಗಾಗಲೇ ಒಮ್ಮೆ ಬಂದು, ತಿರಸ್ಕೃತವಾಗಿದೆ.